ಊರೆಲ್ಲ ಸೇರಿ ಒಂದು ಒಲೆ



ಕಳೆದ ಹದಿನೈದು ದಿನದಲ್ಲಿ ನಿಮ್ಮ ಮನೆಯಲ್ಲಿ ಆಲೂಗಡ್ಡೆ ಎಷ್ಟು ಸಲ ಬೆಂದಿತು, ಸುಮ್ಮನೆ ಲೆಕ್ಕ ಹಾಕಿ ನೋಡಿ. ಮಸಾಲೆ ದೋಸೆಯ ಹೊಟ್ಟೆಯಲ್ಲಿ, ಪೂರಿಯ ಪಕ್ಕದಲ್ಲಿ, ಬೋಂಡದೊಳಗೆ, ತರಕಾರಿ ಮುಗಿದುಹೋದ ದಿನ ಹುಳಿಯಲ್ಲಿ. ಆಲೂಗಡ್ಡೆ ಇಲ್ಲದ ಅಡುಗೆಮನೆಯನ್ನು ಊಹಿಸಿಕೊಳ್ಳುವುದೇ ಕಷ್ಟ, ಅಲ್ವೇ? ಆದರೆ ಅನೇಕ ಮನೆಗಳಲ್ಲಿ ಇಂದಿಗೂ ಶ್ರಾದ್ಧದ ಅಡುಗೆಗೆ ಇದನ್ನು ಸೇರಿಸುವುದಿಲ್ಲ. ಯಾಕೆ ಅಂತ ಕೇಳಿದರೆ ಹಿರಿಯರು "ಅದು ನಮ್ಮ ತರಕಾರಿ ಅಲ್ಲವಮ್ಮ" ಅಂದುಬಿಡುತ್ತಾರೆ. ಅವರ ಮಾತು ನಿಜ. ಪೋರ್ಚುಗೀಸರು ಹಡಗಿನಲ್ಲಿ ತಂದಿಳಿಸುವವರೆಗೆ ನಮ್ಮ ದೇಶದವರಿಗೆ ಈ ಗಡ್ಡೆಯ ಪರಿಚಯವೇ ಇರಲಿಲ್ಲ.

ಹಾಗಾದರೆ ಇದರ ತವರುಮನೆ ಯಾವುದು? ದಕ್ಷಿಣ ಅಮೆರಿಕದ ಪೆರು ದೇಶ. ಅಲ್ಲಿ ಆಂಡಿಸ್ ಅನ್ನುವ ಪರ್ವತಸಾಲು ಇದೆ. ಆ ಬೆಟ್ಟಗಳ ನಡುವೆ, ಟಿಟಿಕಾಕಾ ಎಂಬ ದೊಡ್ಡ ಸರೋವರದ ಸುತ್ತಮುತ್ತ ಸುಮಾರು 8000 ವರ್ಷಗಳ ಹಿಂದೆಯೇ ಜನ ಆಲೂಗಡ್ಡೆಯನ್ನು ಪಳಗಿಸಿ ಬೆಳೆಯತೊಡಗಿದರು. ಇವತ್ತಿಗೂ ಆ ಬೆಟ್ಟಗಳಲ್ಲಿ 4000ಕ್ಕೂ ಹೆಚ್ಚು ತಳಿಗಳಿವೆ ಎಂದು ಲೆಕ್ಕ. ನೇರಳೆ, ಕೆಂಪು, ಹಳದಿ, ಕಪ್ಪು. ಕೆಲವು ದುಂಡಗೆ, ಕೆಲವು ಬೆರಳಿನಂತೆ ಉದ್ದಕ್ಕೆ. ಪೆರುವಿನ ರಾಜಧಾನಿ ಲಿಮಾದಲ್ಲಿ 1971ರಿಂದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವೇ ಇದ್ದು, ಈ ತಳಿಗಳನ್ನು ಕಾಪಾಡುತ್ತಿದೆ.

ಒಂದು ತಳಿಯ ಹೆಸರು ಕೇಳಿದರೆ ನೀವು ನಕ್ಕೇ ನಗುತ್ತೀರಿ. ಅಲ್ಲಿಯ ಕೆಚುವಾ ಭಾಷೆಯಲ್ಲಿ ಅದಕ್ಕೆ 'ಯುಮ್‌ಚುಯ್ ವಕಾಚಿ' ಅಂತಾರೆ. ಅಂದರೆ 'ಸೊಸೆಯನ್ನು ಅಳಿಸುವ ಗಡ್ಡೆ'! ಮೈತುಂಬ ಗಂಟುಗಂಟು, ಕುಳಿಕುಳಿ. ಮದುವೆಯಾಗಿ ಬರುವ ಹುಡುಗಿಯ ಕೈಗೆ ಇದನ್ನು ಕೊಟ್ಟು, ತಿರುಳು ಹಾಳಾಗದಂತೆ ಸಿಪ್ಪೆ ತೆಗೆ ನೋಡೋಣ ಅಂತ ಅತ್ತೆ ಪರೀಕ್ಷೆ ಮಾಡುತ್ತಿದ್ದಳಂತೆ. ಅತ್ತೆಯರು ಎಲ್ಲಿದ್ದರೂ ಅತ್ತೆಯರೇ, ಏನಂತೀರಿ?

ಇರಲಿ. ಈ ಸಲ ನಾನು ಹೇಳಹೊರಟಿರುವುದು ಬರೀ ಗಡ್ಡೆಯ ಕಥೆಯಲ್ಲ. ಆ ದೇಶದಲ್ಲಿ ಅಡುಗೆ ಅನ್ನುವುದು ಒಬ್ಬ ಹೆಂಗಸು ಒಂದು ಮೂಲೆಯಲ್ಲಿ ನಿಂತು ಮುಗಿಸುವ ಕೆಲಸವಾಗಿ ಉಳಿದಿಲ್ಲ. ಮಕ್ಕಳು, ಮುದುಕರು, ನೆರೆಹೊರೆಯವರು ಎಲ್ಲರ ಕೈಯೂ ಅದರಲ್ಲಿ ಬೀಳುತ್ತದೆ. ಸುಗ್ಗಿಯಲ್ಲೂ ಹಾಗೆ, ಹಸಿವಿನಲ್ಲೂ ಹಾಗೆ.

ಮೊದಲು ಸುಗ್ಗಿಯನ್ನೇ ನೋಡೋಣ. ಮೇ, ಜೂನ್, ಜುಲೈ ತಿಂಗಳು ಆಂಡಿಸ್ ಬೆಟ್ಟಗಳಲ್ಲಿ ಮಳೆ ಇಲ್ಲದ ಚಳಿಗಾಲ. ಆಲೂಗಡ್ಡೆ ಕೀಳುವ ಕಾಲವೂ ಅದೇ. ಹೊಲದಲ್ಲಿ ದೊಡ್ಡವರು ಗಡ್ಡೆ ಅಗೆಯುತ್ತಿದ್ದರೆ ಮಕ್ಕಳಿಗೆ ಬೇರೆಯೇ ಕೆಲಸ. ಒಣಗಿದ ಮಣ್ಣಿನ ಹೆಂಟೆಗಳನ್ನು ಆರಿಸಿ ತಂದು, ಒಂದರ ಮೇಲೊಂದು ಜೋಡಿಸಿ ಪುಟ್ಟ ಗುಮ್ಮಟದಂತೆ ಕಟ್ಟುತ್ತಾರೆ. ಗಾರೆ ಇಲ್ಲ, ನೀರಿಲ್ಲ, ಬರೀ ಹೆಂಟೆ. ಸ್ವಲ್ಪ ಕೈತಪ್ಪಿದರೂ ಕುಸಿದುಬೀಳುತ್ತದೆ, ಮತ್ತೆ ಕಟ್ಟಬೇಕು. ಮುಂದೆ ಒಂದು ಸಣ್ಣ ಬಾಗಿಲು ಬಿಟ್ಟು ಒಳಗೆ ಒಣಕಡ್ಡಿ, ಪುಳ್ಳೆ ಹಾಕಿ ಬೆಂಕಿ ಮಾಡುತ್ತಾರೆ. ಹೆಂಟೆಗಳು ಚೆನ್ನಾಗಿ ಕಾದು ಬಣ್ಣ ತಿರುಗಿದ ಮೇಲೆ ಬೂದಿ ಎಳೆದುಹಾಕಿ, ಆಗ ತಾನೇ ಕಿತ್ತ ಆಲೂಗಡ್ಡೆಗಳನ್ನು ಒಳಗೆ ಸುರಿಯುತ್ತಾರೆ. ಆಮೇಲೆ ನೋಡಿ ಮಕ್ಕಳ ಸಂಭ್ರಮ! ತಾವೇ ಕಷ್ಟಪಟ್ಟು ಕಟ್ಟಿದ ಗುಮ್ಮಟವನ್ನು ತಾವೇ ಬೀಳಿಸಿ, ಸುಡುವ ಹೆಂಟೆಗಳನ್ನು ಕೋಲಿನಿಂದ ಬಡಿದು ಪುಡಿ ಮಾಡಿ ಗಡ್ಡೆಗಳ ಮೇಲೆ ಮುಚ್ಚಿಬಿಡುತ್ತಾರೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಮಣ್ಣಿನ ಕಾವಿಗೇ ಗಡ್ಡೆ ಬೆಂದು ಘಮ್ಮೆನ್ನುತ್ತದೆ. ಈ ಅಡುಗೆಗೆ 'ವಾತಿಯಾ' ಅಂತ ಹೆಸರು. ಪಾತ್ರೆ ತೊಳೆಯುವ ತಾಪತ್ರಯವೇ ಇಲ್ಲ, ಅದೊಂದಕ್ಕಾದರೂ ನಾವು ಮೆಚ್ಚಬೇಕು!

ಬೆಂದ ಗಡ್ಡೆಯ ಸಿಪ್ಪೆ ಸುಲಿದು ಗಿಣ್ಣಿನ ಚೂರಿನ ಜೊತೆ ತಿನ್ನುತ್ತಾರೆ. ಜೊತೆಗೊಂದು ಖಾರದ ಚಟ್ನಿ ಬೇಕೇ ಬೇಕು. ಅದಕ್ಕೆ ಹಸಿಮೆಣಸಿನಕಾಯಿ, ಉಪ್ಪು, ಹುರಿದ ಕಡಲೆಕಾಯಿ, 'ವಕತಾಯ್' ಅನ್ನುವ ಘಾಟಿನ ಸೊಪ್ಪು ಹಾಕಿ ಚಪ್ಪಟೆ ಕಲ್ಲಿನ ಮೇಲೆ ಅರೆಯುತ್ತಾರೆ. ವಕತಾಯ್ ನಮ್ಮ ಚೆಂಡುಹೂವಿನ ಜಾತಿಯ ಗಿಡ. ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ ಬೆಳೆ ಅನ್ನುವುದನ್ನು ಮರೆಯಬೇಡಿ. 1987ರಲ್ಲಿ ಪೆರುವಿನ ಉತ್ತರ ಕರಾವಳಿಯ ಸಿಪಾನ್ ಎಂಬಲ್ಲಿ ಪುರಾತತ್ವಜ್ಞ ವಾಲ್ಟರ್ ಆಲ್ವಾ ಅವರ ತಂಡ ಒಬ್ಬ ಹಳೆಯ ದೊರೆಯ ಸಮಾಧಿಯನ್ನು ಅಗೆಯಿತು. ಅದರಲ್ಲಿ ಸಿಕ್ಕಿದ ಒಂದು ಕಂಠಹಾರ ಏನು ಗೊತ್ತೇ? ಹತ್ತು ಚಿನ್ನದ ಕಡಲೆಕಾಯಿ, ಹತ್ತು ಬೆಳ್ಳಿಯ ಕಡಲೆಕಾಯಿ ಪೋಣಿಸಿದ ಸರ! ಬಸವನಗುಡಿಯ ಪರಿಷೆಯಲ್ಲಿ ಮಕ್ಕಳಿಗೆ ಸೇರುಗಟ್ಟಲೆ ಕಡಲೆಕಾಯಿ ಕೊಡಿಸುವಾಗ ಈ ಕಥೆಯನ್ನೂ ಹೇಳಬಹುದು.

ಕೊಯ್ಲಿಗೆ ಇಷ್ಟೊಂದು ಜನ ಹೇಗೆ ಸೇರುತ್ತಾರೆ ಅಂತೀರಾ? ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿ ನೀವು ಬಲ್ಲಿರಿ. ಅಲ್ಲಿ ಅದಕ್ಕೆ 'ಆಯ್ನಿ' ಎಂದು ಹೆಸರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿಯ ಮಾತಿಲ್ಲ. ಊಟ ಹಾಕುವುದು ಮಾತ್ರ ಹೊಲದವರ ಧರ್ಮ. ಮಾಡು ಹೊದಿಸಲಿ, ಕಾಲುವೆ ತೋಡಲಿ, ಎಲ್ಲಕ್ಕೂ ಇದೇ ಲೆಕ್ಕ. ಕುಡಿಯುವ ಮೊದಲು ಒಂದೆರಡು ಹನಿ ನೆಲಕ್ಕೆ ಚೆಲ್ಲುವುದು ಇನ್ನೊಂದು ಪದ್ಧತಿ. ಅದು ಭೂತಾಯಿ 'ಪಚಮಾಮಾ'ಳ ಪಾಲು.

ಮಕ್ಕಳಿಗೆ ಸಂಬಂಧಪಟ್ಟ ಎರಡು ಆಚರಣೆಗಳನ್ನಂತೂ ನಿಮಗೆ ಹೇಳಲೇಬೇಕು. ಒಂದು, ಮಗುವಿನ ಮೊದಲ ಕೂದಲು ಕತ್ತರಿಸುವುದು. ನಮ್ಮ ಚೌಲದ ಹಾಗೆಯೇ ಅನ್ನಿ. ಅಲ್ಲಿ ಕ್ಷೌರಿಕನ ಬದಲು ಕತ್ತರಿ ಬಂದವರೆಲ್ಲರ ಕೈಗೂ ದಾಟುತ್ತಾ ಹೋಗುತ್ತದೆ. ಮೊದಲು ಮಗುವಿನ ಧರ್ಮಪಿತ, ಆಮೇಲೆ ಒಬ್ಬೊಬ್ಬರೂ ಒಂದೊಂದು ಎಳೆ ಕತ್ತರಿಸಿ, ಕತ್ತರಿಸಿದವರು ಮಗುವಿಗೆ ದುಡ್ಡೋ, ಕುರಿಮರಿಯೋ ಉಡುಗೊರೆ ಕೊಡುತ್ತಾರೆ. ಆ ಕುರಿ ಬೆಳೆದು ಮರಿ ಹಾಕಿದರೆ ಅದೆಲ್ಲ ಮಗುವಿನದೇ ಆಸ್ತಿ. ಇನ್ನೊಂದು, ನವೆಂಬರ್ 1ರ ಸುಮಾರಿಗೆ ಸತ್ತ ಹಿರಿಯರನ್ನು ನೆನೆಯುವ ಹಬ್ಬ. ಆಗ ಕುಸ್ಕೊ ಪಟ್ಟಣದ ಬೇಕರಿಗಳಲ್ಲಿ 'ತಾಂತಾ ವಾವಾ' ತುಂಬಿಹೋಗಿರುತ್ತದೆ. ವಾವಾ ಅಂದರೆ ಕೆಚುವಾ ಭಾಷೆಯಲ್ಲಿ ಮಗು, ತಾಂತಾ ಅಂದರೆ ರೊಟ್ಟಿ. ಬಟ್ಟೆ ಸುತ್ತಿದ ಕೂಸಿನ ಆಕಾರದ ಸಿಹಿ ರೊಟ್ಟಿ, ಅದಕ್ಕೊಂದು ಮುಖ. ಹೆಣ್ಣುಮಕ್ಕಳಿಗೆ ಕೂಸು, ಗಂಡುಮಕ್ಕಳಿಗೆ ಕುದುರೆ. ಕೆಲವೆಡೆ ಈ ರೊಟ್ಟಿಕೂಸಿಗೆ ಹುಸಿ ನಾಮಕರಣ ಮಾಡಿ, ಹುಸಿ ಪಾದ್ರಿಯನ್ನು ಕರೆಸಿ, ನಕ್ಕು ನಲಿದು ಕಡೆಗೆ ಎಲ್ಲರೂ ಹಂಚಿಕೊಂಡು ತಿಂದುಬಿಡುತ್ತಾರೆ.

ಇನ್ನು ದೊಡ್ಡ ಊಟ ಅಂದರೆ 'ಪಚಮಾಂಕಾ'. ಪಚ ಅಂದರೆ ಭೂಮಿ, ಮಾಂಕಾ ಅಂದರೆ ಮಡಕೆ. ನೆಲದಲ್ಲಿ ಗುಂಡಿ ತೋಡಿ, ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಆಲೂಗಡ್ಡೆ, ಗೆಣಸು, ಮಸಾಲೆ ಸವರಿದ ಮಾಂಸ, ಮೇಲೆ ಹಸಿ ಅವರೆಯಂಥ ಕಾಯಿ, ಜೋಳದ ತೆನೆ ಹೀಗೆ ಪದರ ಪದರವಾಗಿ ಇಟ್ಟು, ನಡುನಡುವೆ ಬಿಸಿಕಲ್ಲು ಹಾಕಿ, ಸೊಪ್ಪು ಹಾಸಿ, ಒದ್ದೆಬಟ್ಟೆ ಹೊದಿಸಿ ಮಣ್ಣು ಮುಚ್ಚುತ್ತಾರೆ. ಹಬೆ ಎಲ್ಲಿ ತೂರಿ ಬಂದರೂ ಓಡಿಹೋಗಿ ಒಂದು ಬೊಗಸೆ ಮಣ್ಣು ಹಾಕಬೇಕು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕೇ? ಹಸಿ ಮೆಕ್ಕೆಜೋಳವನ್ನು ರುಬ್ಬಿ, ಅದರದೇ ಸಿಪ್ಪೆಯಲ್ಲಿ ಮಡಿಸಿ ಇಡುವ ಸಿಹಿ 'ಉಮಿತಾ'ವೂ ಅದರಲ್ಲೇ ಬೇಯುತ್ತದೆ. ನಮ್ಮ ಎಲೆಗಡುಬಿನ ದೂರದ ನೆಂಟ ಅನ್ನಬಹುದು. ಕರಾವಳಿಯವರ ನಿಂಬೆರಸದ ಮೀನಿನ ಖಾದ್ಯ, ಬೆಟ್ಟದವರು ಸಾಕಿ ತಿನ್ನುವ ಗಿನಿಹಂದಿ, ಇವೆಲ್ಲ ಪ್ರಸಿದ್ಧವೇ ಆದರೂ ಇಲ್ಲಿ ವಿಸ್ತರಿಸುವುದಿಲ್ಲ. ನಮ್ಮಲ್ಲಿ ಅನೇಕರು ಮೂಗು ಮುರಿಯುತ್ತೀರೆಂದು ನನಗೆ ಗೊತ್ತು!

ಇಷ್ಟರವರೆಗೆ ಹಬ್ಬದ ಮಾತಾಯಿತು. ಇನ್ನು ಹಸಿವಿನ ಮಾತು.

ಇಪ್ಪತ್ತನೇ ಶತಮಾನದ ನಡುವಿನಿಂದಲೇ ಬೆಟ್ಟದ ಜನ ಬದುಕು ಅರಸಿ ಲಿಮಾ ನಗರಕ್ಕೆ ಇಳಿದುಬರತೊಡಗಿದರು. ನಗರದೊಳಗೆ ಜಾಗವಿಲ್ಲ. ಸುತ್ತ ಇದ್ದದ್ದು ಮರಳುಗಾಡು. 1971ರಲ್ಲಿ ಹೀಗೆ ಬಂದ ಸಾವಿರಾರು ಕುಟುಂಬಗಳು ಲಿಮಾದ ದಕ್ಷಿಣಕ್ಕೆ, ಬರಿಯ ಮರಳಿನ ಮೇಲೆ ಚಾಪೆಯ ಗುಡಿಸಲು ಹಾಕಿಕೊಂಡು ಒಂದು ಊರನ್ನೇ ಕಟ್ಟಿದವು. ಅದರ ಹೆಸರು ವಿಯಾ ಎಲ್ ಸಾಲ್ವಡಾರ್. ನೀರಿಲ್ಲ, ದೀಪವಿಲ್ಲ, ಗಂಡಂದಿರಿಗೆ ಖಾಯಂ ಕೆಲಸವಿಲ್ಲ. ಸೀಮೆಎಣ್ಣೆ ದುಬಾರಿ, ಅಕ್ಕಿ ದುಬಾರಿ, ಮನೆತುಂಬ ಮಕ್ಕಳು. ಅಂಥಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಆ ಹೆಂಗಸರು ತಮಗೆ ಗೊತ್ತಿದ್ದ ಹಳ್ಳಿಯ ಆಯ್ನಿಯನ್ನೇ ಪಟ್ಟಣಕ್ಕೆ ತಂದರು. ಲಿಮಾದ ಬಡ ಬಡಾವಣೆಗಳಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ 'ಕೊಮೆಡೊರ್ ಪೊಪುಲಾರ್' ಎಂಬ ಜನತಾ ಊಟದ ಮನೆಗಳು ಹುಟ್ಟಿಕೊಂಡವು. ಲೆಕ್ಕಾಚಾರ ಬಹಳ ಸರಳ. ಇಪ್ಪತ್ತು ಮೂವತ್ತು ಮನೆಯವರು ಒಂದು ಗುಂಪು. ಪ್ರತಿ ಮನೆಯಲ್ಲೂ ಬೇರೆ ಬೇರೆ ಒಲೆ ಉರಿಸುವ ಬದಲು ಒಂದೇ ದೊಡ್ಡ ಒಲೆ. ಸಗಟು ಮಾರುಕಟ್ಟೆಯಲ್ಲಿ ಮೂಟೆ ಲೆಕ್ಕದಲ್ಲಿ ಕೊಂಡರೆ ದರವೂ ಕಡಿಮೆ, ಸೌದೆ ಸೀಮೆಎಣ್ಣೆಯೂ ಉಳಿತಾಯ. ದಿನಕ್ಕೆ ಮೂರು ನಾಲ್ಕು ಜನ ಸರದಿಯ ಮೇಲೆ ಅಡುಗೆ. ಅವತ್ತು ಅಡುಗೆ ಮಾಡಿದವರ ಮನೆಗೆ ಊಟ ಬಿಟ್ಟಿ, ಉಳಿದವರು ತಲಾ ಇಷ್ಟು ಅಂತ ಸಣ್ಣ ಮೊತ್ತ ಕೊಟ್ಟು ಪಾತ್ರೆಯಲ್ಲಿ ಒಯ್ಯಬೇಕು. ಕಾಯಿಲೆಯವರಿಗೆ, ದಿಕ್ಕಿಲ್ಲದ ಮುದುಕರಿಗೆ, ಅನಾಥ ಮಕ್ಕಳಿಗೆ ದುಡ್ಡಿಲ್ಲ. ಸರದಿಗೆ ಬರದವರ ಜೊತೆ ಜಗಳವೂ ಆಗುತ್ತಿತ್ತು, ಸೌಟು ಯಾರ ಕೈಯಲ್ಲಿ ಅಂತ ಮುನಿಸೂ ಇರುತ್ತಿತ್ತು. ಹತ್ತು ಜನ ಹೆಂಗಸರು ಸೇರಿದಲ್ಲಿ ಇಲ್ಲದಿರುತ್ತದೆಯೇ? ಆದರೆ ಲೆಕ್ಕದ ಪುಸ್ತಕ ಅವರೇ ಬರೆಯುತ್ತಿದ್ದರು, ಅಧ್ಯಕ್ಷೆಯನ್ನೂ ಅವರೇ ಆರಿಸುತ್ತಿದ್ದರು. ಅಕ್ಷರ ಬಾರದವಳೂ ಸಭೆಯಲ್ಲಿ ಎದ್ದು ನಿಂತು ಮಾತಾಡಲು ಕಲಿತದ್ದು ಆ ಅಡುಗೆಮನೆಯಲ್ಲೇ.

1984ರಲ್ಲಿ ಲಿಮಾದ ಮೇಯರ್ ಅಲ್ಫೊನ್ಸೊ ಬಾರಾಂತೆಸ್ ಮಕ್ಕಳಿಗಾಗಿ 'ಲೋಟ ಹಾಲು' ಯೋಜನೆ ಶುರುಮಾಡಿದರು. ಹಾಲಿನ ಪುಡಿ ನಗರಸಭೆಯದು, ಕಾಯಿಸಿ ಹಂಚುವ ಕೆಲಸ ತಾಯಂದಿರದು. ಪ್ರತಿ ಬೀದಿಗೂ ತಾಯಂದಿರ ಒಂದು ಸಮಿತಿ. ಬೆಳಗಾದರೆ ಒಬ್ಬಾಕೆಯ ಮನೆಯ ಮುಂದೆ ಮಕ್ಕಳು ತಂತಮ್ಮ ಲೋಟ ಹಿಡಿದು ಸಾಲು ನಿಲ್ಲುತ್ತಿದ್ದರು. ಆ ವರ್ಷದ ಕೊನೆಯಲ್ಲಿ ಹೆಂಗಸರು ಮೆರವಣಿಗೆ ಹೋಗಿ, ಇಡೀ ದೇಶಕ್ಕೆ ಇದನ್ನು ಕಾನೂನು ಮಾಡಿ ಎಂದು ಕೇಳಿದರು. 1985ರ ಜನವರಿಯಲ್ಲಿ ಕಾನೂನಾಯಿತು.

ಇದಕ್ಕೆ ಅವರು ತೆತ್ತ ಬೆಲೆಯನ್ನೂ ಹೇಳಬೇಕು. ಆ ವರ್ಷಗಳಲ್ಲಿ ಪೆರುವಿನಲ್ಲಿ 'ಸೆಂದೆರೊ ಲುಮಿನೊಸೊ' ಎಂಬ ಉಗ್ರರ ಗುಂಪು ಊರೂರಲ್ಲಿ ರಕ್ತ ಹರಿಸುತ್ತಿತ್ತು. ಜನ ಹಸಿದು ರೊಚ್ಚಿಗೇಳಬೇಕು, ಆಗಲೇ ಕ್ರಾಂತಿ ಅನ್ನುವವರು ಅವರು. ಮಕ್ಕಳ ಹೊಟ್ಟೆ ತುಂಬಿಸುವ ಈ ಅಡುಗೆಮನೆಗಳು ಅವರ ಕಣ್ಣಿಗೆ ಮುಳ್ಳಾದವು. ವಿಯಾ ಎಲ್ ಸಾಲ್ವಡಾರಿನ ಮಹಿಳಾ ಒಕ್ಕೂಟದ ಮುಖಂಡಳಾಗಿ ಬೆಳೆದು, ಆ ಊರಿನ ಉಪಮೇಯರ್ ಕೂಡ ಆಗಿದ್ದವಳು ಮರಿಯಾ ಎಲೆನಾ ಮೊಯಾನೊ. 1991ರಲ್ಲಿ ಒಕ್ಕೂಟದ ದಿನಸಿಯ ಗೋದಾಮನ್ನು ಸ್ಫೋಟಿಸಿದರು. ಆಕೆ ಬಾಯಿ ಮುಚ್ಚಲಿಲ್ಲ. 1992ರ ಫೆಬ್ರವರಿ 14ರಂದು ಉಗ್ರರು ಬಂದ್ ಘೋಷಿಸಿದಾಗ ಬೆರಳೆಣಿಕೆಯ ಜನರೊಡನೆ ಶಾಂತಿಯ ಮೆರವಣಿಗೆ ಹೊರಟಳು. ಮರುದಿನ, 15ರಂದು, ಹಾಲಿನ ಸಮಿತಿಯವರು ಏರ್ಪಡಿಸಿದ್ದ ಊಟದ ಕಾರ್ಯಕ್ರಮಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಅವಳನ್ನು ಗುಂಡಿಕ್ಕಿ ಕೊಂದರು. ಅವಳಿಗೆ ಆಗ 33 ವರ್ಷ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಉಗ್ರರ ನಾಯಕ ಸೆರೆಸಿಕ್ಕ. ಊಟದ ಮನೆಗಳ ಒಲೆ ಮಾತ್ರ ಆರಲಿಲ್ಲ.

1990ರ ಆಗಸ್ಟಿನಲ್ಲಿ ಸರ್ಕಾರ ಒಂದೇ ರಾತ್ರಿಯಲ್ಲಿ ಬೆಲೆಗಳನ್ನು ಹಲವು ಪಟ್ಟು ಏರಲು ಬಿಟ್ಟಾಗ ಲಿಮಾದ ಬಡವರನ್ನು ಉಳಿಸಿದ್ದು ಇದೇ ಒಲೆಗಳು. 2020ರಲ್ಲಿ ಕೊರೋನಾ ಬಂದು ದಿನಗೂಲಿ ನಿಂತಾಗ ಮತ್ತೆ ಬೆಟ್ಟದ ಇಳಿಜಾರುಗಳಲ್ಲಿ ನೂರಾರು ಕಡೆ 'ಓಯಾ ಕೊಮೂನ್', ಅಂದರೆ ಎಲ್ಲರ ಮಡಕೆ, ಒಲೆಯ ಮೇಲೇರಿತು. ಮೂರು ಕಲ್ಲು, ಸೌದೆ, ಕಪ್ಪು ಹಿಡಿದ ದೊಡ್ಡ ಪಾತ್ರೆ, ಸುತ್ತ ಲೋಟ ತಟ್ಟೆ ಹಿಡಿದ ಮಕ್ಕಳು. ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯಾಗಬೇಕು, ದುಡ್ಡಿಲ್ಲ ಅಂದರೆ ಅಲ್ಲಿ ಇನ್ನೊಂದು ಉಪಾಯವಿದೆ. ಅದಕ್ಕೆ 'ಪೊಯಾದಾ' ಅಂತಾರೆ. ಮೊದಲೇ ಚೀಟಿ ಮಾರಿ, ಒಂದು ಭಾನುವಾರ ಮನೆಯ ಮುಂದೆಯೇ ಕೋಳಿ ಹುರಿದು ಬಡಿಸಿ, ಲಾಭವನ್ನು ಆಸ್ಪತ್ರೆಗೆ ಕಟ್ಟುತ್ತಾರೆ. ಚೀಟಿ ಕೊಂಡ ನೆರೆಯವರಿಗೂ ಗೊತ್ತು, ನಾಳೆ ತಮ್ಮ ಸರದಿ ಬರಬಹುದು ಅಂತ.

ಅಲ್ಲಿ ಎಲ್ಲವೂ ಸರಿಹೋಗಿದೆ ಅಂತ ತಿಳಿಯಬೇಡಿ. ಮೂರು ವರ್ಷದೊಳಗಿನ ಮಕ್ಕಳಲ್ಲಿ ಹತ್ತಕ್ಕೆ ನಾಲ್ಕಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ ಎಂದು 2023ರ ಅವರ ಸಮೀಕ್ಷೆ ಹೇಳಿತು. ಲೋಕವೆಲ್ಲ ಹೊಗಳುವ ಅಡುಗೆಯ ದೇಶದಲ್ಲೇ ಹೀಗೆ! ಪೊಟ್ಟಣದ ಬಿಸ್ಕತ್ತು, ಬಣ್ಣದ ಪಾನೀಯಗಳ ಹಾವಳಿ ಅಲ್ಲೂ ಇದೆ. 2019ರಿಂದ ಸಕ್ಕರೆ, ಉಪ್ಪು ಹೆಚ್ಚಿರುವ ಪೊಟ್ಟಣಗಳ ಮೇಲೆ ಎಂಟು ಮೂಲೆಯ ಕಪ್ಪು ಗುರುತು ಹಾಕಲೇಬೇಕೆಂದು ನಿಯಮವಾಗಿದೆ. ಓದಲು ಬಾರದ ಮಗುವಿಗೂ ಅದು ಕಾಣುತ್ತದೆ. ಮಕ್ಕಳಿಗೆ ಕೊಡಲು ಅವರ ಹಳೆಯ 'ಕಿವಿಚಾ' ಧಾನ್ಯ ಇದೆ, ಅದು ನಮ್ಮ ರಾಜಗಿರಿಯ ಕುಲದ್ದೇ. ಅರಳು ಹುರಿದು ಸಿಹಿಪಾಕದಲ್ಲಿ ಉಂಡೆ, ಬಿಲ್ಲೆ ಕಟ್ಟುತ್ತಾರೆ. ನಮ್ಮ ಅಂಗಡಿಯಲ್ಲೂ ರಾಜಗಿರಿ ಸಿಗುತ್ತದಲ್ಲ, ಬಿಸ್ಕತ್ತಿನ ಡಬ್ಬಿಯ ಪಕ್ಕದಲ್ಲಿ ಅದಕ್ಕೂ ಒಂದು ಡಬ್ಬಿ ಇಡಿ.

ಈಗ ನೀವು ಕಾಯುತ್ತಿರುವ ವಿಷಯಕ್ಕೆ ಬರೋಣ. ಲಿಮಾದ ಬೀದಿಗಳಲ್ಲಿ ಸಂಜೆ ಹೆಂಗಸರು ಬಾಣಲೆ ಇಟ್ಟು ಕರಿದು ಮಾರುವ 'ಪಿಕರೋನೆಸ್' ಎಂಬ ತಿಂಡಿ ಇದೆ. ನೋಡಲು ಉದ್ದಿನವಡೆ, ತಿನ್ನಲು ಸಿಹಿ. ಸಾಮಾನೆಲ್ಲ ನಮ್ಮ ಸಂತೆಯಲ್ಲೇ ಸಿಗುತ್ತದೆ, ಮೊಟ್ಟೆ ಕೂಡ ಬೇಡ.

ಸಿಹಿಗುಂಬಳಕಾಯಿ ಕಾಲು ಕೆ.ಜಿ., ಗೆಣಸು ಕಾಲು ಕೆ.ಜಿ., ಮೈದಾ 400 ಗ್ರಾಂ, ಒಣ ಯೀಸ್ಟ್ 2 ಟೀ ಚಮಚ, ಸಕ್ಕರೆ 2 ದೊಡ್ಡ ಚಮಚ, ಸೋಂಪು 1 ಟೀ ಚಮಚ, ಒಂದು ಚೂರು ದಾಲ್ಚಿನ್ನಿ, ನಾಲ್ಕು ಲವಂಗ, ಚಿಟಿಕೆ ಉಪ್ಪು, ಕರಿಯಲು ಎಣ್ಣೆ. ಪಾಕಕ್ಕೆ ಬೆಲ್ಲ ಅರ್ಧ ಕೆ.ಜಿ., ಕಿತ್ತಳೆ ಸಿಪ್ಪೆ ಒಂದೆರಡು ತುಂಡು.

ಮೂರು ಲೋಟ ನೀರಿಗೆ ಸೋಂಪು, ದಾಲ್ಚಿನ್ನಿ, ಎರಡು ಲವಂಗ ಹಾಕಿ ಕುದಿಸಿ ಸೋಸಿ. ಆ ನೀರಿನಲ್ಲೇ ಸಿಪ್ಪೆ ತೆಗೆದ ಕುಂಬಳ, ಗೆಣಸಿನ ಹೋಳುಗಳನ್ನು ಮೆತ್ತಗೆ ಬೇಯಿಸಿ. ನೀರು ಚೆಲ್ಲಬೇಡಿ, ಅದರಲ್ಲೇ ಪರಿಮಳವಿರುವುದು. ಹೋಳುಗಳನ್ನು ಗಂಟಿಲ್ಲದಂತೆ ಹಿಸುಕುವ ಕೆಲಸ ಮಕ್ಕಳಿಗೆ ಬಿಡಿ. ಉಗುರುಬೆಚ್ಚಗಿನ ಅರ್ಧ ಲೋಟ ಅದೇ ನೀರಿಗೆ ಸಕ್ಕರೆ, ಯೀಸ್ಟ್ ಹಾಕಿ ಹತ್ತು ನಿಮಿಷ ಇಟ್ಟರೆ ನೊರೆ ಬರುತ್ತದೆ. ಹಿಸುಕಿದ್ದು ಚೆನ್ನಾಗಿ ಆರಿದ ಮೇಲೆ ಇದನ್ನೂ ಮೈದಾ, ಉಪ್ಪನ್ನೂ ಸೇರಿಸಿ, ಬೇಕಾದಷ್ಟು ಅದೇ ನೀರು ಚಿಮುಕಿಸುತ್ತಾ ಕೈಯಿಂದ ಚೆನ್ನಾಗಿ ಬಡಿಯಿರಿ. ಹಿಟ್ಟು ಚಪಾತಿ ಹಿಟ್ಟಿನಂತಿರಬಾರದು, ವಡೆಯ ಹಿಟ್ಟಿಗಿಂತ ಸ್ವಲ್ಪ ಅಂಟಾಗಿ, ಎಳೆದರೆ ಎಳೆ ಬರುವಂತಿರಬೇಕು. ಒದ್ದೆಬಟ್ಟೆ ಮುಚ್ಚಿ ಒಂದೂವರೆ ಗಂಟೆ ಬಿಟ್ಟರೆ ಎರಡರಷ್ಟು ಉಬ್ಬುತ್ತದೆ.

ಅಷ್ಟರಲ್ಲಿ ಬೆಲ್ಲಕ್ಕೆ ಎರಡು ಲೋಟ ನೀರು ಹಾಕಿ ಕರಗಿಸಿ ಸೋಸಿ, ಉಳಿದ ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಜೇನಿನಷ್ಟು ಮಂದವಾಗುವವರೆಗೆ ಕಾಯಿಸಿ. ಉಂಡೆಪಾಕಕ್ಕೆ ಹೋಗಲು ಬಿಡಬೇಡಿ.

ಎಣ್ಣೆ ಹದವಾಗಿ ಕಾದ ಮೇಲೆ, ಕೈಯನ್ನು ಉಪ್ಪುನೀರಿನಲ್ಲಿ ಅದ್ದಿಕೊಂಡು, ನಿಂಬೆಗಾತ್ರದ ಹಿಟ್ಟು ತೆಗೆದು ಹೆಬ್ಬೆರಳಿನಿಂದ ನಡುವೆ ತೂತು ಮಾಡಿ ಎಣ್ಣೆಗೆ ಜಾರಿಸಿ. ವಡೆ ತಟ್ಟಿ ಅಭ್ಯಾಸವಾದ ನಿಮ್ಮ ಕೈಗೆ ಇದೇನು ಕಷ್ಟವಲ್ಲ. ಲಿಮಾದವರು ಉದ್ದನೆಯ ಕಡ್ಡಿಯನ್ನು ತೂತಿಗೆ ಸಿಕ್ಕಿಸಿ ತಿರುವುತ್ತಾರೆ. ಎರಡೂ ಕಡೆ ಹೊಂಬಣ್ಣ ಬಂದೊಡನೆ ತೆಗೆದು, ಬಿಸಿಬಿಸಿಯಾಗಿಯೇ ಮೇಲೆ ಪಾಕ ಸುರಿಯಿರಿ. ಆರಿದರೆ ಮೆತ್ತಗಾಗಿ ರುಚಿ ಕೆಡುತ್ತದೆ, ಬಾಣಲೆಯ ಪಕ್ಕದಲ್ಲೇ ತಿಂದು ಮುಗಿಸಬೇಕು. ಈ ಅಳತೆಗೆ ಮೂವತ್ತರ ಸುಮಾರು ಆಗುತ್ತವೆ. ಎಣ್ಣೆ ಇಡುವ ಮೊದಲೇ ಅಕ್ಕಪಕ್ಕದ ಮನೆಯ ಮಕ್ಕಳನ್ನು ಕೂಗಿ ಕರೆದಿಡಿ.